ಡ್ರೈವ್ ಉಗುಳಿದ ಸಿಡಿಯನ್ನು ಎಸೆಯುವ ಮುನ್ನ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲಿ ಬೀರು ತೆಗೆದು ಹುಡುಕಿದರೆ ಸೀರೆಗಳ ಅಡಿಯಲ್ಲೋ ಮದುವೆ ಆಲ್ಬಮ್ಮಿನ ಜೇಬಿನಲ್ಲೋ ಒಂದಷ್ಟು ಸಿಡಿಗಳು ಸಿಗುತ್ತವೆ. ಮದುವೆ, ಗೃಹಪ್ರವೇಶ, ನಾಮಕರಣ, ಊರಹಬ್ಬ, ಹಬ್ಬದ ರಾತ್ರಿ ಆಡಿದ ನಾಟಕ. ಹೆಚ್ಚಿನವು 2000ದಿಂದ 2015ರ ನಡುವಿನವು. ಈಗ ಅವನ್ನು ಕಂಪ್ಯೂಟರಿಗೆ ಹಾಕಿದರೆ ಡ್ರೈವ್ ಎರಡು ಮೂರು ಸಲ ಗರ್ರೆಂದು ತಿರುಗಿ, ತುಸು ಹೊತ್ತು ಸುಮ್ಮನಿದ್ದು, ಟ್ರೇ ಹೊರಗೆ ತಳ್ಳುತ್ತದೆ. ಇಲ್ಲವೇ ಡಿಸ್ಕೇ ಇಲ್ಲ ಎನ್ನುತ್ತದೆ. ‘ಸಿಡಿ ಹೋಯ್ತು ಬಿಡು’ ಎಂದು ಮನೆಯವರು ಅದನ್ನು ಹಕ್ಕಿ ಓಡಿಸಲು ಹೊಲದಲ್ಲಿ ಕಟ್ಟುತ್ತಾರೆ.

ನಾವು ಹೇಳಹೊರಟಿರುವುದು ಇಷ್ಟೇ: ಡ್ರೈವ್ ಉಗುಳಿದ ಮಾತ್ರಕ್ಕೆ ಸಿಡಿ ಸತ್ತಿದೆ ಎಂದಲ್ಲ. ಎಷ್ಟೋ ಸಲ ಸೋತಿರುವುದು ಓದುವ ಯಂತ್ರ. ಯಾಕೆ ಹೀಗಾಗುತ್ತದೆ ಎಂದು ತಿಳಿಯಬೇಕಾದರೆ ಸಿಡಿ ನಮ್ಮ ಊರುಗಳಿಗೆ ಬಂದ ಕಥೆಯನ್ನೂ ತಿಳಿಯಬೇಕು.

ತಟ್ಟೆಗೂ ಮೊದಲು ಕಳೆದುಹೋದದ್ದು

ಆಡಿದ್ದನ್ನು ಹಾಡಿದ್ದನ್ನು ಉಳಿಸಿಕೊಳ್ಳುವ ವಿಷಯದಲ್ಲಿ ಕನ್ನಡಿಗರ ಲೆಕ್ಕ ಅಷ್ಟೇನೂ ಚೆನ್ನಾಗಿಲ್ಲ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಗುಬ್ಬಿ ವೀರಣ್ಣನವರ ಕಾಲಕ್ಕೆ ಅದು ನಾಡಿಡೀ ಮಾತಾಡುವ ಕಂಪನಿಯಾಯಿತು. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. 1972ರಲ್ಲಿ ವೀರಣ್ಣ ತೀರಿಕೊಂಡರು. ಆ ರಾತ್ರಿಗಳನ್ನು ಕಣ್ಣಾರೆ ಕಂಡವರ ನೆನಪು, ಒಂದಷ್ಟು ಫೋಟೊ, ಬರಹ ಬಿಟ್ಟರೆ ಇಡೀ ಪ್ರದರ್ಶನವೊಂದನ್ನು ನಾವು ಇಂದು ಕೂತು ನೋಡಲಾರೆವು. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದೇ ಸುಮಾರು ಮೂರು ನಿಮಿಷ. ಸಿನಿಮಾದ ಗತಿಯೂ ಅಷ್ಟೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್‌ನಲ್ಲಿ ತೆರೆ ಕಂಡಿತು. ಅದರ ಒಂದು ಪ್ರಿಂಟೂ ಇಂದು ಉಳಿದಿಲ್ಲ.

ಆದರೆ ನಾಟಕದ ಹುಚ್ಚು ಕಂಪನಿಯೊಂದಿಗೆ ಮುಗಿಯಲಿಲ್ಲ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಈಗಲೂ ಬೇಸಾಯಗಾರರು, ಮೇಷ್ಟ್ರುಗಳು, ಅಂಗಡಿಯವರು ಸೇರಿ ಪಾತ್ರಕ್ಕೆ ಇಷ್ಟೆಂದು ಹಣ ಹಾಕಿ, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು ‘ಕುರುಕ್ಷೇತ್ರ’ ಆಡುತ್ತಾರೆ. ಬಾಡಿಗೆ ಸೀನರಿ, ಮೈಕ್ ಸೆಟ್, ಬೆಳಗಿನವರೆಗೆ ಪದ. ಕಂಪನಿ ನಾಟಕಗಳಿಗೆ ಸಿಗದ ಒಂದು ಭಾಗ್ಯ ಈ ಹಳ್ಳಿಯ ನಾಟಕಗಳಿಗೆ ಸಿಕ್ಕಿತು. ಅದೇ ಸಿಡಿ.

ತಟ್ಟೆ ಊರಿಗೆ ಬಂತು

ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಸೇರಿ ರೂಪಿಸಿದ ಸಿಡಿ ಜಪಾನಿನ ಮಾರುಕಟ್ಟೆಗೆ ಬಂದದ್ದು 1982ರ ಅಕ್ಟೋಬರಿನಲ್ಲಿ. 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ, 74 ನಿಮಿಷದ ಸಂಗೀತ. ಆಗ ಅದು ಸಿರಿವಂತರ ಆಟಿಕೆ. ನಮ್ಮ ಕಡೆಗೆ ಅದು ಬಂದದ್ದು 1993ರಲ್ಲಿ ರೂಪುಗೊಂಡ ವಿಡಿಯೊ ಸಿಡಿ, ಅಂದರೆ ವಿಸಿಡಿಯ ವೇಷದಲ್ಲಿ. ಚಿತ್ರದ ಗುಣಮಟ್ಟ ಹಳೆಯ ಕ್ಯಾಸೆಟ್ಟಿನಷ್ಟೇ, ಆದರೆ ಬೂಸ್ಟು ಹಿಡಿಯುವ ಟೇಪಿಲ್ಲ, ಹಿಂದಕ್ಕೆ ಸುತ್ತುವ ಕೆಲಸವಿಲ್ಲ. 2000ದ ದಶಕದಲ್ಲಿ ಪ್ಲೇಯರ್ ಅಗ್ಗವಾಗುತ್ತಿದ್ದಂತೆ ತುಮಕೂರಿನ ಬಿ.ಎಚ್. ರಸ್ತೆಯಿಂದ ಹಳ್ಳಿಯ ಮೂಲೆಯವರೆಗೂ ಸಿಡಿ ಅಂಗಡಿಗಳಾದವು. ಸ್ಟುಡಿಯೊದವರು ಮದುವೆ ಕ್ಯಾಸೆಟ್ ನಿಲ್ಲಿಸಿ ಸಿಡಿ ಕೊಡತೊಡಗಿದರು.

ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಿಗ್ಗೆ ಆರಕ್ಕೆ ಮುಗಿಯುವ ‘ಕುರುಕ್ಷೇತ್ರ’ವೆಂದರೆ ಒಂಬತ್ತು ಗಂಟೆ. ಒಂದು ವಿಸಿಡಿಗೆ 74 ನಿಮಿಷವೆಂದರೆ ಪೂರ್ತಿ ನಾಟಕಕ್ಕೆ ಎಂಟು ಡಿಸ್ಕು ಬೇಕು. ಎಂಟರಲ್ಲಿ ಒಂದನ್ನು ಡ್ರೈವ್ ಒಪ್ಪದಿದ್ದರೆ ಕರ್ಣನೇ ಹೋದ ಹಾಗೆ. ಈ ಡಿಸ್ಕುಗಳಲ್ಲಿ ಹಾಡಿರುವ ಎಷ್ಟೋ ಜನ, ಕಲಿಸಿದ ಎಷ್ಟೋ ಮೇಷ್ಟ್ರುಗಳು ಇವತ್ತು ಇಲ್ಲ. ಅವರು ಪದ ಎತ್ತುತ್ತಿದ್ದ ರೀತಿ ಬೇರೆಲ್ಲೂ ದಾಖಲಾಗಿಲ್ಲ.

ಬೆಲೆ ಇಳಿದದ್ದಕ್ಕೂ ಒಂದು ಕಾರಣವಿದೆ. 1983ರಲ್ಲಿ ಶುರುವಾದ ಮೋಸರ್ ಬೇರ್ ಇಂಡಿಯಾ ಕಂಪನಿ ಬರೆಯಬಹುದಾದ ಖಾಲಿ ಡಿಸ್ಕುಗಳನ್ನು ಭಾರಿ ಪ್ರಮಾಣದಲ್ಲಿ ತಯಾರಿಸಿತು. 2007ರ ಹೊತ್ತಿಗೆ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ಅದೇ ಕಂಪನಿ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಆದೇಶವಾಯಿತು. ಡಿಸ್ಕಿನ ಕಾಲ ಎಷ್ಟು ಬೇಗ ಬಂದು ಎಷ್ಟು ಬೇಗ ಹೋಯಿತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಡ್ರೈವ್ ಒಳಗೆ ನಡೆಯುವುದೇನು?

ಡಿಸ್ಕಿನ ಮೇಲೆ ಒಂದೇ ಒಂದು ಸುರುಳಿ ಗೆರೆ ಇದೆ. ಅದು ಒಳಗಿನಿಂದ ಹೊರಕ್ಕೆ ಹೋಗುತ್ತದೆ. ಬಿಡಿಸಿ ಹಾಸಿದರೆ ಐದು ಕಿಲೋಮೀಟರಿಗೂ ಹೆಚ್ಚು, ಅಂದರೆ ತುಮಕೂರಿನಿಂದ ಗುಬ್ಬಿಗೆ ಹೋಗುವ ದಾರಿಯ ಸುಮಾರು ಕಾಲುಭಾಗ. ಟ್ರೇ ಒಳಗೆ ಹೋದೊಡನೆ ಮೋಟರ್ ಡಿಸ್ಕನ್ನು ತಿರುಗಿಸುತ್ತದೆ. ಲೆನ್ಸು ಮೇಲೆ ಕೆಳಗೆ ಆಡಿ ಲೇಸರ್ ಬೆಳಕನ್ನು ಆ ಗೆರೆಯ ಮೇಲೆ ಕೂರಿಸಲು ನೋಡುತ್ತದೆ. ಬೆಳಕು ಸರಿಯಾಗಿ ವಾಪಸ್ ಬಂದರೆ ಡಿಸ್ಕಿನ ಒಳ ಅಂಚಿನಲ್ಲಿರುವ ವಿಷಯಸೂಚಿಯನ್ನು ಓದುತ್ತದೆ. ಬರದಿದ್ದರೆ ಮತ್ತೆ ಪ್ರಯತ್ನ. ಆ ‘ಗರ್ರ್’ ಎನ್ನುವ ಸದ್ದು ಇದೇ. ಕೆಲವು ಸಲ ನೋಡಿ ಕೈಚೆಲ್ಲುತ್ತದೆ. ನೆನಪಿಡಬೇಕಾದ್ದು: ಉಳಿದೆಲ್ಲ ಚೆನ್ನಾಗಿದ್ದು ಒಳ ಅಂಚಿನ ಸೂಚಿ ಮಾತ್ರ ಓದಲಾಗದಿದ್ದರೂ ಡ್ರೈವಿನ ಮಟ್ಟಿಗೆ ಅದು ಖಾಲಿ ಡಿಸ್ಕು.

ಕಾರ್ಖಾನೆಯಲ್ಲಿ ಅಚ್ಚು ಒತ್ತಿದ ಸಿಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 70ರಷ್ಟನ್ನು ವಾಪಸ್ ಕಳಿಸುತ್ತದೆ. ಸ್ಟುಡಿಯೊದಲ್ಲಿ ‘ರೈಟ್’ ಮಾಡಿದ ಡಿಸ್ಕಿನಲ್ಲಿ ಅಚ್ಚಿಲ್ಲ. ಲೇಸರ್ ಕಾವಿಗೆ ಬಣ್ಣ ಬದಲಿಸುವ ಒಂದು ರಾಸಾಯನಿಕ ಲೇಪವಿದೆ. ಬಿಸಿಲು, ಸೆಖೆ, ತೇವಕ್ಕೆ ಈ ಲೇಪ ಮಾಸುತ್ತದೆ. ಅಳಿಸಿ ಬರೆಯುವ ಆರ್‌ಡಬ್ಲ್ಯೂ ಡಿಸ್ಕು ವಾಪಸ್ ಕಳಿಸುವುದೇ ಶೇ 15ರಿಂದ 25ರಷ್ಟು ಬೆಳಕನ್ನು. ಹಾಗಾಗಿ ಲೇಸರ್ ತುಸು ವಯಸ್ಸಾದ ಡ್ರೈವ್ ಸಿನಿಮಾ ಸಿಡಿಯನ್ನು ಓದಿ ಮದುವೆ ಸಿಡಿಯನ್ನು ಉಗುಳಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇನ್ನೂ ಕೆಲವು ಕಾರಣಗಳು ಆ ಕಾಲದ ಅವಸರದಲ್ಲೇ ಇವೆ. ಬರೆಯುತ್ತಿದ್ದಾಗ ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಡಿಸ್ಕುಗಳಿವೆ. ಕೊನೆಯ ಹಂತವಾದ ‘ಫೈನಲೈಸ್’ ಮಾಡದೆ ಕೊಟ್ಟವೂ ಇವೆ. ಅಂಥವುಗಳಲ್ಲಿ ಸೂಚಿಯೇ ಪೂರ್ತಿಯಾಗಿರುವುದಿಲ್ಲ. ಬರೀ ಓದುವ ಡ್ರೈವ್ ಅವನ್ನು ತಿರಸ್ಕರಿಸುತ್ತದೆ, ಬರೆಯುವ ಡ್ರೈವಿನಲ್ಲಿ ಹಾಕಿದರೆ ಎಷ್ಟೋ ಸಲ ತೆರೆದುಕೊಳ್ಳುತ್ತವೆ. ಹಳೆಯ ಸಿಡಿ ಡ್ರೈವಿಗೆ ಡಿವಿಡಿ ಹಾಕುವುದು ಇನ್ನೊಂದು. ಹೊರನೋಟಕ್ಕೆ ಎರಡೂ ಒಂದೇ, ಆದರೆ ಡಿವಿಡಿಗೆ ಬೇರೆಯೇ ಲೇಸರ್ ಬೇಕು. ಡಿವಿಡಿ ಡ್ರೈವಿನಲ್ಲಿ ಎರಡೂ ಬಗೆಯ ಲೇಸರ್ ಇರುತ್ತವೆ. ಡಿವಿಡಿ ಓದುತ್ತದೆ, ಸಿಡಿ ಮಾತ್ರ ಓದುವುದಿಲ್ಲ ಎಂದರೆ ಎರಡರಲ್ಲಿ ಸಿಡಿಯ ಲೇಸರ್ ಸೋತಿದೆ ಎಂದು ಅನುಮಾನಿಸಬಹುದು.

ವಧೂವರರ ಫೋಟೊ ಇರುವ ಕಾಗದದ ಸ್ಟಿಕ್ಕರನ್ನು ಡಿಸ್ಕಿನ ಮೇಲೆ ಅಂಟಿಸಿ ಕೊಡುವುದು ಆಗಿನ ಫ್ಯಾಷನ್. 52 ಎಕ್ಸ್ ಡ್ರೈವ್ ಡಿಸ್ಕನ್ನು ನಿಮಿಷಕ್ಕೆ ಸುಮಾರು 10,000 ಸುತ್ತಿನವರೆಗೂ ತಿರುಗಿಸುತ್ತದೆ. ಸ್ಟಿಕ್ಕರ್ ಒಂದು ಬದಿಗೆ ವಾಲಿದ್ದರೂ ಡಿಸ್ಕು ಅದುರುತ್ತದೆ, ಡ್ರೈವ್ ಕೈಬಿಡುತ್ತದೆ. ಹಾಗೆಂದು ಸ್ಟಿಕ್ಕರ್ ಕೀಳಬೇಡಿ. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಹೊಳೆಯುವ ಬದಿಯಲ್ಲಲ್ಲ, ಹೆಸರು ಬರೆಯುವ ಬದಿಯ ತೆಳು ಲೇಪದ ಕೆಳಗೆ. ಸ್ಟಿಕ್ಕರ್ ಜೊತೆ ಮದುವೆಯೇ ಕಿತ್ತು ಬರುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲು ಕಂಪನಿಯ ಸಿನಿಮಾ ಸಿಡಿ ಒಂದನ್ನು ಹಾಕಿ ನೋಡಿ. ಅದನ್ನೂ ಉಗುಳಿದರೆ ದೋಷ ಡ್ರೈವಿನದು. ಟ್ರೇ ಪೂರ್ತಿ ಒಳಗೆ ಹೋಗದೆ ತಾನೇ ಹೊರಗೆ ಬರುತ್ತಿದ್ದರೆ ಲೇಸರ್ ತನಕ ಹೋಗಬೇಕಿಲ್ಲ. ಟ್ರೇ ಎಳೆಯುವ ಪುಟ್ಟ ರಬ್ಬರ್ ಬೆಲ್ಟ್ ಸಡಿಲಾಗಿರಬಹುದು, ಟ್ರೇ ಮುಚ್ಚಿದೆ ಎಂದು ತಿಳಿಸುವ ಸ್ವಿಚ್ಚಿಗೆ ದೂಳು ಕೂತಿರಬಹುದು. ಟ್ರೇ ಒಳಗೇ ಸಿಕ್ಕಿಕೊಂಡರೆ ಕಂಪ್ಯೂಟರ್ ಆಫ್ ಮಾಡಿ ಮುಂಬದಿಯ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಪಿನ್ ತಳ್ಳಿದರೆ ಹೊರಬರುತ್ತದೆ. ಲೆನ್ಸಿನ ದೂಳನ್ನು ಕ್ಯಾಮೆರಾಗೆ ಬಳಸುವ ಗಾಳಿಬುರುಡೆಯಿಂದ ಊದಿ ತೆಗೆಯಿರಿ, ಬೆರಳಿನಿಂದ ಒರೆಸಬೇಡಿ. ಕ್ಯಾಬಿನೆಟ್ ಬಿಚ್ಚಿದಾಗ ಡ್ರೈವಿನ ಎರಡೂ ವೈರುಗಳನ್ನು ಕಿತ್ತು ಮತ್ತೆ ಒತ್ತಿ ಕೂರಿಸಿ.

ಡ್ರೈವ್ ಸದ್ದು ಮಾಡುತ್ತದೆ ಆದರೆ ಮೈ ಕಂಪ್ಯೂಟರಿನಲ್ಲಿ ಅದರ ಗುರುತೇ ಇಲ್ಲ ಎಂದರೆ ದೋಷ ಸಾಫ್ಟ್‌ವೇರಿನದಾಗಿರಬಹುದು. ಸಿಡಿ ಬರೆಯುವ ತಂತ್ರಾಂಶವೊಂದನ್ನು ತೆಗೆದುಹಾಕಿದಾಗ ವಿಂಡೋಸ್ ರಿಜಿಸ್ಟ್ರಿಯಲ್ಲಿ ಉಳಿದುಬಿಡುವ ಅಪ್ಪರ್ ಫಿಲ್ಟರ್ಸ್, ಲೋಯರ್ ಫಿಲ್ಟರ್ಸ್ ಎಂಬ ನಮೂದುಗಳು ಇದಕ್ಕೆ ಹೆಸರುವಾಸಿ. ತಿಳಿದವರ ಕೈಲಿ ರಿಜಿಸ್ಟ್ರಿಯ ಪ್ರತಿ ತೆಗೆಸಿಟ್ಟು ಸರಿಮಾಡಿಸಿ.

ಸಿನಿಮಾ ಸಿಡಿ ಓದಿ ನಿಮ್ಮ ಸಿಡಿ ಮಾತ್ರ ಓದದಿದ್ದರೆ ಡಿಸ್ಕನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಂಥ ತೂತುಗಳು ಕಂಡರೆ ಅಷ್ಟು ಭಾಗ ಹೋಗಿದೆ. ಇಲ್ಲದಿದ್ದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತುಸುತ್ತಾಗಿ ಬೇಡ. ಗೆರೆಯನ್ನು ಅಡ್ಡಕ್ಕೆ ದಾಟುವ ಸಣ್ಣ ಗೀರನ್ನು ಡ್ರೈವ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಗೆರೆಯ ಗುಂಟ ಹೋಗುವ ಗೀರನ್ನು ತುಂಬಿಕೊಳ್ಳಲಾರದು. ಆಮೇಲೆ ಬೇರೆ ಡ್ರೈವಿನಲ್ಲಿ ಪ್ರಯತ್ನಿಸಿ, ಒಂದರಲ್ಲಲ್ಲ, ಎರಡು ಮೂರರಲ್ಲಿ. ಒಂದು ತಿರಸ್ಕರಿಸಿದ್ದನ್ನು ಇನ್ನೊಂದು ಓದುವುದು ತೀರಾ ಸಾಮಾನ್ಯ.

ವಿಸಿಡಿಯ ವಿಷಯದಲ್ಲಿ ಇನ್ನೊಂದು ದಾರಿಯಿದೆ. ಹೆಚ್ಚು ಚಿತ್ರ ತುಂಬಿಸಲೆಂದು ಅದರಲ್ಲಿ ತಪ್ಪು ತಿದ್ದುವ ಒಂದು ಏರ್ಪಾಡನ್ನೇ ಕೈಬಿಟ್ಟಿದ್ದಾರೆ. ಕಂಪ್ಯೂಟರ್ ನಕಲು ಮಾಡುವಾಗ ಒಂದು ಚೂರು ಸಿಗದಿದ್ದರೂ ನಿಂತುಬಿಡುತ್ತದೆ. ಟಿವಿಯ ಪ್ಲೇಯರ್ ಚಿತ್ರ ಕೊಂಚ ಒಡೆದರೂ ಮುಂದೆ ಸಾಗುತ್ತದೆ. ಆದ್ದರಿಂದ ಕಂಪ್ಯೂಟರ್ ಬೇಡವೆಂದ ವಿಸಿಡಿಯನ್ನು ಹಳೆಯ ಪ್ಲೇಯರಿನಲ್ಲಿ ಓಡಿಸಿ, ವೈರ್ ಮೂಲಕ ಕಂಪ್ಯೂಟರಿನಲ್ಲಿ ಮತ್ತೆ ರೆಕಾರ್ಡ್ ಮಾಡಿಕೊಳ್ಳಬಹುದು. ಕಂಪ್ಯೂಟರ್ ಒಪ್ಪಿದರೆ ಎಂಪಿಇಜಿಎವಿ ಎಂಬ ಫೋಲ್ಡರಿನಲ್ಲಿರುವ ಡ್ಯಾಟ್ ಫೈಲನ್ನು ನಕಲಿಸಿ. ವಿಎಲ್‌ಸಿಯಲ್ಲಿ ಓಡುತ್ತದೆ.

ಓದಿದ ಮೇಲೂ ಓದಲಾಗದ್ದು

ನಮ್ಮಂಥ ವರದಿಗಾರರ ಹಳೆಯ ಸಿಡಿಗಳಲ್ಲಿ ವಿಡಿಯೊಗಿಂತ ಬರಹ ಹೆಚ್ಚು. ಡ್ರೈವ್ ಒಪ್ಪಿದರೂ ಫೈಲ್ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತದೆ. ಇದು ಡಿಸ್ಕು ಕೆಟ್ಟದ್ದಲ್ಲ. ವಿಂಡೋಸ್ ಎಕ್ಸ್‌ಪಿ 2001ರಲ್ಲೇ ಯೂನಿಕೋಡ್ ಕನ್ನಡ ತಂದಿದ್ದರೂ ಪತ್ರಿಕೆಗಳು, ಕಚೇರಿಗಳು ವರ್ಷಗಟ್ಟಲೆ ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲೇ ಬೆರಳಚ್ಚು ಮಾಡಿದವು. ಆ ಫಾಂಟ್ ಹಾಕಿಕೊಂಡರೆ, ಇಲ್ಲವೇ ಯೂನಿಕೋಡಿಗೆ ಪರಿವರ್ತಿಸಿದರೆ ಅಕ್ಷರ ಮರಳಿ ಬರುತ್ತದೆ. ಕಿಚಡಿ ನೋಡಿ ಅಳಿಸಿಬಿಡಬೇಡಿ.

ಡಿಸ್ಕು ಮನೆಯ ನೆನಪಷ್ಟೇ ಅಲ್ಲ, ಹಕ್ಕಿನ ವಿಷಯವೂ ಹೌದು. ಕೇಂದ್ರದ ಮಾಹಿತಿ ಹಕ್ಕು ಶುಲ್ಕ ನಿಯಮಗಳು 2005ರಲ್ಲೇ ಡಿಸ್ಕೆಟ್ ಅಥವಾ ಫ್ಲಾಪಿಗೆ 50 ರೂಪಾಯಿ ಎಂದು ದರ ಬರೆದವು. ಕೋರ್ಟಿಗೂ ಸಿಡಿ ಹೋಯಿತು. ಕೇರಳದ ಚುನಾವಣಾ ತಕರಾರೊಂದರಲ್ಲಿ, ಅನ್ವರ್ ಮತ್ತು ಬಷೀರ್ ನಡುವಿನ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್ 18ರಂದು ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರವಿಲ್ಲದೆ ನಕಲು ಸಿಡಿಯನ್ನು ಸಾಕ್ಷ್ಯವಾಗಿ ಒಪ್ಪಲಾಗದು ಎಂದಿತು. ಹಾಗಾಗಿ ವ್ಯಾಜ್ಯಕ್ಕೆ ಸಂಬಂಧಿಸಿದ ಡಿಸ್ಕು ನಿಮ್ಮಲ್ಲಿದ್ದರೆ ನಕಲು ತೆಗೆದ ಮೇಲೂ ಮೂಲವನ್ನು ಎಸೆಯಬೇಡಿ.

ಹೊಸ ಲ್ಯಾಪ್‌ಟಾಪುಗಳಲ್ಲಿ ಈಗ ಡ್ರೈವೇ ಇಲ್ಲ. ಸಿಡಿ ಅಂಗಡಿಗಳು ಮೊಬೈಲ್ ಅಂಗಡಿಗಳಾಗಿವೆ. ಮದುವೆ ತೆಗೆದ ಸ್ಟುಡಿಯೊಗಳ ಹಾರ್ಡ್‌ಡಿಸ್ಕುಗಳಲ್ಲಿ ಅಷ್ಟು ಹಳೆಯದು ಉಳಿದಿರುವುದು ಅಪರೂಪ. ಮಾಸುತ್ತಿರುವ ಡಿಸ್ಕು, ಕಡಿಮೆಯಾಗುತ್ತಿರುವ ಡ್ರೈವು, ಇವೆರಡರ ನಡುವೆ ಉಳಿದಿರುವುದು ಕೆಲವೇ ವರ್ಷ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ ಅದರ ಡ್ರೈವ್ ಬಿಚ್ಚಿಟ್ಟುಕೊಳ್ಳಿ, ಇಲ್ಲವೇ ಊರಿಗೊಂದು ಯುಎಸ್‌ಬಿ ಡ್ರೈವ್ ಕೊಳ್ಳಿ. ನಾಟಕದ ಸಂಘದವರು ಎಂಟೂ ಡಿಸ್ಕುಗಳನ್ನು ಒಟ್ಟಿಗೆ ನಕಲು ತೆಗೆದು ಎರಡು ಕಡೆ ಇಡಲಿ. ಯಾವ ಊರು, ಯಾವ ವರ್ಷ, ಯಾರು ಯಾವ ಪಾತ್ರ ಎಂದು ಒಂದು ಹಾಳೆಯಲ್ಲಿ ಬರೆದು ಅದರ ಜೊತೆಗೇ ಇಡಲಿ. ಹಾಡಿದವರನ್ನು ಗುರುತಿಸಬಲ್ಲ ಹಿರಿಯರು ಊರಲ್ಲಿ ಇರುವಾಗಲೇ ಈ ಕೆಲಸ ಆಗಬೇಕು.