ಕಲ್ಲುಹಾದಿಯ ಪರೀಕ್ಷೆಯಿಂದ ಕರಾವಳಿಯ ಅಂಗಳಕ್ಕೆ

ಮೋಟಾರ್ ಸೈಕಲ್ ಸ್ಪರ್ಧೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ವೇಗ. ಆದರೆ ವೇಗಕ್ಕೆ ಬೆಲೆಯೇ ಇಲ್ಲದ ಒಂದು ಸ್ಪರ್ಧೆಯೂ ಇದೆ. ಅದರ ಹೆಸರು ಟ್ರಯಲ್ಸ್. ಬಂಡೆ, ಕೆಸರು, ತೊರೆ, ಕಡಿದಾದ ಏರು ಇವುಗಳ ನಡುವೆ ಗುರುತು ಹಾಕಿದ ಇಕ್ಕಟ್ಟಾದ ದಾರಿಯಲ್ಲಿ ಸವಾರ ಕಾಲು ನೆಲಕ್ಕೆ ಊರದೆ ಸಾಗಬೇಕು. ಕಾಲು ತಾಗಿದರೆ ದಂಡದ ಅಂಕ, ಗಾಡಿ ನಿಂತರೆ ಇನ್ನೂ ಹೆಚ್ಚಿನ ದಂಡ. ಕೊನೆಗೆ ಯಾರ ಲೆಕ್ಕದಲ್ಲಿ ಅಂಕ ಕಡಿಮೆಯೋ ಅವರೇ ಗೆದ್ದವರು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಓದುಗರಿಗೆ ಇದು ಅಪರಿಚಿತ ವಿದ್ಯೆಯೇನಲ್ಲ. ಮಳೆಗಾಲದಲ್ಲಿ ಜಾರುವ ಮುರಕಲ್ಲಿನ ಏರು, ಗದ್ದೆಯಂಚು, ಎರಡು ಅಡಿಕೆ ಮರದ ಕಾಲುಸಂಕ, ಇವುಗಳನ್ನು ದಾಟಿ ಮನೆಯ ಅಂಗಳಕ್ಕೆ ಬೈಕು ತಂದವರೆಲ್ಲ ತಮಗರಿವಿಲ್ಲದೆ ಟ್ರಯಲ್ಸ್ ಸವಾರರೇ. ಹೀಗಿರುವಾಗ ಹಳೆಯ ಟ್ರಯಲ್ಸ್ ಮಾದರಿಯ ಮೋಟಾರ್ ಸೈಕಲ್ ಒಂದನ್ನು ಕೊಂಡು ಸರಿಪಡಿಸಬೇಕು ಎಂಬ ಆಸೆ ಈ ಭಾಗದ ತರುಣರಲ್ಲಿ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ಕೊಳ್ಳುವ ಮೊದಲು ಆ ಯಂತ್ರದ ಚರಿತ್ರೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು.

ಹಿಂಬದಿಯ ಸ್ಪ್ರಿಂಗಿನ ಕಥೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರ್ ಸೈಕಲ್ಲು ನಂಬಲರ್ಹ ವಾಹನವಾಗಿರಲಿಲ್ಲ. ಯಾರ ಗಾಡಿ ಬೆಟ್ಟ ಹತ್ತಿ ಮರಳಿ ಬರುತ್ತದೆ ಎಂದು ಪರೀಕ್ಷಿಸಲು ಬ್ರಿಟನ್ನಿನಲ್ಲಿ ಏರ್ಪಡಿಸುತ್ತಿದ್ದ ಓಟಗಳಿಂದಲೇ ಟ್ರಯಲ್ಸ್ ಬೆಳೆಯಿತು. ಪರೀಕ್ಷೆ ಎಂಬುದೇ ಆ ಶಬ್ದದ ಅರ್ಥ. ಅಂತರರಾಷ್ಟ್ರೀಯ ಆರು ದಿನಗಳ ಪರೀಕ್ಷಾ ಓಟ 1913ರಲ್ಲಿ ಶುರುವಾಯಿತು.

ನಮಗೆ ಸಂಬಂಧಿಸಿದ ಘಟನೆ ನಡೆದದ್ದು 1948ರಲ್ಲಿ. ಆಗಿನ ಮೋಟಾರ್ ಸೈಕಲ್ಲುಗಳ ಹಿಂದಿನ ಚಕ್ರ ಸಾಮಾನ್ಯವಾಗಿ ಚೌಕಟ್ಟಿಗೇ ಬಿಗಿದಿರುತ್ತಿತ್ತು. ಹಿಂಬದಿಯಲ್ಲಿ ಸ್ಪ್ರಿಂಗ್ ಇದ್ದದ್ದು ಸವಾರನ ಸೀಟಿನ ಕೆಳಗೆ ಮಾತ್ರ. ಆ ವರ್ಷದ ಆರಂಭದಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ಕೋಲ್ಮೋರ್ ಕಪ್ ಎಂಬ ಟ್ರಯಲ್ಸ್ ಸ್ಪರ್ಧೆಗೆ ಹೊಸ ಬುಲೆಟ್ಟುಗಳನ್ನು ಇಳಿಸಿತು. ಅವುಗಳ ಹಿಂದಿನ ಚಕ್ರ ತೂಗುವ ತೋಳಿನ ಮೇಲೆ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಟ್ರಯಲ್ಸಿಗೆ ಬಿಗಿ ಚಕ್ರವೇ ಸರಿ ಎಂಬುದು ಅಂದಿನ ನಂಬಿಕೆ. ಭೌತಶಾಸ್ತ್ರ ಹೇಳುವುದು ಬೇರೆ. ಬಿಗಿ ಚಕ್ರ ಕಲ್ಲಿಗೆ ಬಡಿದಾಗ ಪುಟಿದು ಗಾಳಿಯಲ್ಲಿರುತ್ತದೆ, ಗಾಳಿಯಲ್ಲಿರುವ ಚಕ್ರಕ್ಕೆ ಹಿಡಿತವಿಲ್ಲ. ತೂಗುವ ತೋಳು ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಅದೇ ವರ್ಷ ಇಟಲಿಯ ಸ್ಯಾನ್ ರೆಮೊದಲ್ಲಿ ನಡೆದ ಆರು ದಿನಗಳ ಓಟದಲ್ಲಿ ಬ್ರಿಟನ್ ತಂಡ ಗೆದ್ದಿತು. ತಂಡದಲ್ಲಿ ಬುಲೆಟ್ ಓಡಿಸಿದ ಇಬ್ಬರು ಚಿನ್ನದ ಪದಕ ಪಡೆದರು. ಮುಂದೆ ಜಾನಿ ಬ್ರಿಟನ್ ಎಂಬ ಸವಾರ ಬುಲೆಟ್ಟಿನ ಮೇಲೆ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸನ್ನು 1952 ಮತ್ತು 1957ರಲ್ಲಿ ಗೆದ್ದರು.

ಆ ಬುಲೆಟ್ಟೇ ನಮ್ಮ ದೇಶಕ್ಕೆ ಬಂದದ್ದು. ಗಡಿಯ ಒರಟು ಹಾದಿಗೆ ತಕ್ಕ ವಾಹನವೆಂದು ಭಾರತದ ಸೈನ್ಯ 1950ರ ದಶಕದಲ್ಲಿ ಅದನ್ನು ಆರಿಸಿತು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಯಿತು. ಇಂಗ್ಲೆಂಡಿನ ಮೂಲ ಕಂಪನಿ 1970ರಲ್ಲಿ ಮುಚ್ಚಿಹೋದರೂ ಮದರಾಸಿನಲ್ಲಿ ಬುಲೆಟ್ ತಯಾರಿಕೆ ನಿಲ್ಲಲಿಲ್ಲ. ಇಂದು ನಮ್ಮೂರಿನ ಕೊಟ್ಟಿಗೆಯಲ್ಲಿ ತೆಂಗಿನ ಸಿಪ್ಪೆಯ ಮರೆಯಲ್ಲಿ ನಿಂತಿರುವ ಹಳೆಯ 350 ಬುಲೆಟ್ಟಿನ ಹಿಂಬದಿಯ ಸ್ಪ್ರಿಂಗನ್ನು ನೋಡಿ. ಅದು 1948ರ ಆ ಪರೀಕ್ಷೆಯ ನೇರ ಸಂತಾನ.

ಮೈಸೂರಿನ ಕೊಡುಗೆ

ಕನ್ನಡ ನಾಡಿನದೇ ಆದ ಇನ್ನೊಂದು ಯಂತ್ರವನ್ನು ಇಲ್ಲಿ ನೆನೆಯಲೇಬೇಕು. 1929ರಲ್ಲಿ ಜೆಕೊಸ್ಲೊವಾಕಿಯದ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡರು. ಎರಡು ಹೆಸರುಗಳ ಮೊದಲಕ್ಷರಗಳು ಸೇರಿ ಜಾವಾ ಆಯಿತು. ಆರು ದಿನಗಳ ಓಟದಲ್ಲಿ ಜಾವಾ ಸವಾರರೂ ಹೆಸರು ಮಾಡಿದರು. ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಕುಟುಂಬದವರ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಗಾಡಿಗಳನ್ನು ತಯಾರಿಸಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಮಿಕರು ಕೆಲಸ ಕಳೆದುಕೊಂಡರು, ಬಿಡಿಭಾಗಗಳ ಮೂಲ ಬತ್ತಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಬೇರೆ ಕಂಪನಿಯ ಮೂಲಕ ಮರಳಿ ಬಂದಿವೆ. ಆದರೆ ಇವು ನಾಲ್ಕು ಸ್ಟ್ರೋಕಿನ ಹೊಸ ಯಂತ್ರಗಳು. ಹಳೆಯದಕ್ಕೆ ಇವುಗಳ ಭಾಗ ಹೊಂದುವುದಿಲ್ಲ.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮದರಾಸಿನ ಹಳೆಯ ಬುಲೆಟ್ಟೂ ಮೈಸೂರಿನ ಜಾವಾವೂ ರಸ್ತೆಯ ಗಾಡಿಗಳು. ಟ್ರಯಲ್ಸ್ ಗಾಡಿಗೆ ನೆಲದಿಂದ ಹೆಚ್ಚು ಎತ್ತರ, ಮೇಲಕ್ಕೆತ್ತಿದ ಸೈಲೆನ್ಸರ್, ನಿಧಾನಕ್ಕೆ ಎಳೆಯುವ ಗೇರು, ಗಂಟುಗಂಟಾದ ಟೈರು ಬೇಕು. ರಾಯಲ್ ಎನ್‌ಫೀಲ್ಡ್ 2019ರಲ್ಲಿ ಬುಲೆಟ್ ಟ್ರಯಲ್ಸ್ ಎಂಬ ಮಾದರಿಯನ್ನು ತಂದು ಬೇಗನೆ ನಿಲ್ಲಿಸಿತು. ಆದ್ದರಿಂದ "ಹಳೇ ಟ್ರಯಲ್ಸ್ ಗಾಡಿ" ಎಂದು ಇಲ್ಲಿ ಯಾರಾದರೂ ಮಾರಲು ತಂದರೆ, ಅದು ಬಹುಮಟ್ಟಿಗೆ ರಸ್ತೆಯ ಬುಲೆಟ್ಟನ್ನು ಕೊಯ್ದು ಮಾಡಿದ್ದು ಎಂದು ತಿಳಿಯಿರಿ.

ಕೊಳ್ಳುವಾಗ

ಮೊದಲು ಕಾಗದ, ಆಮೇಲೆ ಕಬ್ಬಿಣ. ಆರ್.ಸಿ. ಪುಸ್ತಕದಲ್ಲಿರುವ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಗಾಡಿಯ ಮೇಲೆ ಕೊರೆದ ಸಂಖ್ಯೆಗಳೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಬಣ್ಣದಡಿ ಸಂಖ್ಯೆ ಕಾಣದಿದ್ದರೆ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ನೋಡಿ. ಉಜ್ಜುಕಾಗದ ಹಾಕಬೇಡಿ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ವರ್ಗವಾದ ಮೇಲೆಯೇ ಹಣ ಕೊಡಿ.

ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ತಂದಿದೆ. ಮೂಲ ರೂಪದಲ್ಲೇ ಇರುವ, ಚಾಸಿಸ್, ದೇಹ, ಎಂಜಿನ್ ಗಣನೀಯವಾಗಿ ಬದಲಾಗದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆ ಗಾಡಿಯನ್ನು ದಿನನಿತ್ಯ ಪೇಟೆಗೆ ಒಯ್ಯುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವುಗಳಿಗೆ ಮಾತ್ರ. ಅಂದರೆ ಇಂದು ಚೌಕಟ್ಟು ಕೊಯ್ದವರು ನಾಳಿನ ಈ ಮಾನ್ಯತೆಯನ್ನೂ ಕೊಯ್ದಂತೆ.

ಉಪ್ಪುಗಾಳಿಯ ಲೆಕ್ಕ

ಮೈಸೂರಿನಲ್ಲಿ ಇಪ್ಪತ್ತು ವರ್ಷ ನಿಂತ ಗಾಡಿಯೂ ಮರವಂತೆಯಲ್ಲಿ ಇಪ್ಪತ್ತು ವರ್ಷ ನಿಂತ ಗಾಡಿಯೂ ಒಂದೇ ಅಲ್ಲ. ಕಬ್ಬಿಣ ತುಕ್ಕು ಹಿಡಿಯಲು ನೀರು, ಆಮ್ಲಜನಕ ಸಾಕು. ಆದರೆ ನೀರಿನಲ್ಲಿ ಉಪ್ಪಿದ್ದರೆ ಅದು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ತುಕ್ಕಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ಕ್ರೋಮ್ ಲೇಪದ ಸಣ್ಣ ಬಿರುಕುಗಳಿಂದ ಉಪ್ಪುನೀರು ಒಳಗಿಳಿದು ಅಡಿಯಲ್ಲೇ ತಿನ್ನುತ್ತದೆ. ಹೊರಗೆ ಹೊಳಪು, ಒಳಗೆ ಪುಡಿ. ಅಲ್ಯೂಮಿನಿಯಂ ಕವಚದೊಳಗೆ ಉಕ್ಕಿನ ಬೋಲ್ಟ್ ಇದ್ದಲ್ಲಿ ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿಯೇ ಹುಟ್ಟಿ ಬೋಲ್ಟು ಕಚ್ಚಿಕೊಳ್ಳುತ್ತದೆ. ಅದನ್ನು ಬಲದಿಂದ ತಿರುಗಿಸಿದರೆ ಮುರಿಯುವುದು ಖಂಡಿತ. ಎಣ್ಣೆ ಬಿಟ್ಟು ಕೆಲವು ದಿನ ಕಾಯಿರಿ, ಕವಚವನ್ನು ಹದವಾಗಿ ಬಿಸಿ ಮಾಡಿ, ಆಮೇಲೆ ಕೈ ಹಾಕಿ. ಬಿಸಿ ಮಾಡುವಾಗ ಪೆಟ್ರೋಲ್ ಟ್ಯಾಂಕು ಹತ್ತಿರ ಇರಬಾರದು.

ಜಾವಾ, ಯೆಜ್ಡಿಗಳ ಎರಡು ಸ್ಟ್ರೋಕಿನ ಎಂಜಿನ್ನಿಗೆ ಇನ್ನೊಂದು ಸೂಕ್ಷ್ಮವಿದೆ. ಪೆಟ್ರೋಲು, ಎಣ್ಣೆ, ಗಾಳಿ ಬೆರೆತ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಗೆ ಬಂದು ಆಮೇಲೆ ಮೇಲೇರುತ್ತದೆ. ಹಾಗಾಗಿ ಆ ಕೋಣೆ ಗಾಳಿಯಾಡದಂತೆ ಇರಬೇಕು. ಎರಡು ಬದಿಯ ರಬ್ಬರ್ ಸೀಲುಗಳು ಒಣಗಿ ಒಡೆದಿದ್ದರೆ ಒಂದು ಕಡೆಯಿಂದ ಗೇರಿನ ಎಣ್ಣೆ ಎಳೆದುಕೊಂಡು ದಟ್ಟ ಹೊಗೆ ಬರುತ್ತದೆ. ಇನ್ನೊಂದು ಕಡೆಯಿಂದ ಬರಿ ಗಾಳಿ ನುಗ್ಗಿ ಮಿಶ್ರಣ ತೆಳುವಾಗಿ ಪಿಸ್ಟನ್ ಕಾಯ್ದು ಸೀಜ್ ಆಗುತ್ತದೆ. ಬಣ್ಣಕ್ಕೆ ಸಾವಿರಾರು ರೂಪಾಯಿ ಸುರಿದು ಈ ಎರಡು ಸೀಲುಗಳನ್ನು ಮರೆತರೆ ಫಲವಿಲ್ಲ.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರಕೆ ಶೇಕಡಾ 20ರವರೆಗೆ ಇದೆ. ಎಥನಾಲ್ ತೇವವನ್ನು ಎಳೆದುಕೊಳ್ಳುವ ಗುಣದ್ದು, ಹಳೆಯ ರಬ್ಬರನ್ನೂ ಕೆಡಿಸುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಇದರ ಪರಿಣಾಮ ಊಹಿಸಿಕೊಳ್ಳಿ. ಜೂನ್ ಬರುವ ಮೊದಲೇ ಟ್ಯಾಂಕು, ಕಾರ್ಬ್ಯುರೇಟರ್ ಎರಡನ್ನೂ ಬರಿದು ಮಾಡಿ ಒಣಗಿಸಿಡುವುದು ಕ್ಷೇಮ.

ಯಾವುದನ್ನು ಉಳಿಸಬೇಕು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಹಳೆಯ ಗಾಡಿಯನ್ನು ಸರಿಪಡಿಸುವುದು ಎಂದರೆ ಹೊಸದರಂತೆ ಹೊಳೆಯಿಸುವುದೇ? ದೃಶ್ಯ ಮಾಧ್ಯಮದವನಾದ ನಾನು ಹೊಳಪಿನ ಮೋಹವನ್ನು ಬಲ್ಲೆ. ಕ್ಯಾಮೆರಾ ಹೊಸ ಬಣ್ಣವನ್ನು ಪ್ರೀತಿಸುತ್ತದೆ. ಆದರೆ ಮದರಾಸಿನ ಕಾರ್ಖಾನೆಯಲ್ಲಿ ಕುಂಚ ಹಿಡಿದು ಬುಲೆಟ್ ಟ್ಯಾಂಕಿನ ಮೇಲೆ ಕೈಯಿಂದಲೇ ಎಳೆದ ಬಂಗಾರದ ಗೆರೆ ಮಾಸಿದ್ದರೂ ಅದು ಒಬ್ಬ ಕಾರ್ಮಿಕನ ಕೈಬರಹ. ಅದರ ಮೇಲೆ ಸ್ಟಿಕ್ಕರ್ ಅಂಟಿಸಿದ ದಿನ ಆ ಕೈಬರಹ ಅಳಿಯಿತು. ಯಾದವಗಿರಿಯ ಕಾರ್ಖಾನೆಯಂತೂ ಈಗ ಇಲ್ಲವೇ ಇಲ್ಲ. ಅಲ್ಲಿಯ ಕೆಲಸಗಾರರ ಕೌಶಲಕ್ಕೆ ಉಳಿದಿರುವ ಸಾಕ್ಷಿ ಅವರು ಕಟ್ಟಿದ ಗಾಡಿಗಳು ಮಾತ್ರ. ಒಂದನ್ನು ಕೊಯ್ದರೆ ಒಂದು ಸಾಕ್ಷಿ ಕಡಿಮೆ.

ಟ್ರಯಲ್ಸ್ ರೂಪವೇ ಬೇಕೆನ್ನುವವರಿಗೆ ನನ್ನ ಸಲಹೆ ಇಷ್ಟೇ. ಚೌಕಟ್ಟಿಗೆ ಗರಗಸ, ವೆಲ್ಡಿಂಗ್ ತಾಗಿಸಬೇಡಿ. ಬೋಲ್ಟು ಬಿಚ್ಚಿ ಹಾಕಬಹುದಾದಷ್ಟನ್ನೇ ಬದಲಿಸಿ, ಬಿಚ್ಚಿದ್ದನ್ನೆಲ್ಲ ಎಣ್ಣೆ ಸವರಿ ಹೆಸರು ಬರೆದು ಇಡಿ. ಹಾಗೆ ಬದಲಿಸಿದ ಗಾಡಿಯನ್ನು ಸ್ವಂತ ಜಾಗದಲ್ಲಿ ಓಡಿಸಿ, ರಸ್ತೆಗೆ ತರಬೇಡಿ. ನೋಂದಣಿಯಲ್ಲಿರುವ ರೂಪವನ್ನು ಮನಬಂದಂತೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ತಡೆಯಿದೆ.

ಇನ್ನೊಂದು ಕೆಲಸ ಬಿಡಿಭಾಗ ಹುಡುಕುವುದಕ್ಕಿಂತ ತುರ್ತಿನದು. ಹೆದ್ದಾರಿಯ ಬದಿಯ ಸಣ್ಣ ಗ್ಯಾರೇಜುಗಳಲ್ಲಿ ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುವ ಹಿರಿಯ ಮೆಕ್ಯಾನಿಕ್ಕರು ಇನ್ನೂ ಇದ್ದಾರೆ. ಅವರು ಕಲಿತದ್ದು ಪುಸ್ತಕದಿಂದಲ್ಲ, ಅದನ್ನು ಯಾರೂ ಪುಸ್ತಕವಾಗಿ ಬರೆದಿಟ್ಟಿಲ್ಲ. ನಿಮ್ಮ ಗಾಡಿಯನ್ನು ಬಿಚ್ಚುವಾಗ ಅವರ ಪಕ್ಕ ಕುಳಿತು, ಯಾವುದನ್ನು ಯಾಕೆ ಹೀಗೆ ಮಾಡಿದರೆಂದು ಕೇಳಿ ಬರೆದುಕೊಳ್ಳಿ. ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ. ಬುಲೆಟ್ಟಿನ ಪಿಸ್ಟನ್ ಹುಡುಕಿದರೆ ಇನ್ನೂ ಸಿಗುತ್ತದೆ. ಆ ಕಿವಿ ಮತ್ತು ಆ ಕೈ ಎಲ್ಲಿ ಹುಡುಕಿದರೂ ಮತ್ತೆ ಸಿಗುವುದಿಲ್ಲ.