ಹಾಸಿಗೆಯಿಂದ ಹೊಸ್ತಿಲಿನವರೆಗೆ

ಕಾಯಿಲೆಯನ್ನು ಕುರಿತು ನಮ್ಮ ಕನ್ನಡದಲ್ಲಿ ಎರಡು ಮಾತುಗಳು ಬಳಕೆಯಲ್ಲಿವೆ. ಒಂದು ‘ಹಾಸಿಗೆ ಹಿಡಿದರು’ ಎಂಬುದು. ಇನ್ನೊಂದು ‘ಎದ್ದು ಓಡಾಡುವಂತಾದರು’ ಎಂಬುದು. ಇವೆರಡರ ನಡುವಣ ಕಾಲದ ಬಗೆಗೆ ನಾವು ಹೆಚ್ಚು ಯೋಚಿಸಿದವರಲ್ಲ. ಶಸ್ತ್ರಚಿಕಿತ್ಸೆ ಮುಗಿಯಿತು, ಹೊಲಿಗೆ ಬಿಚ್ಚಿದರು, ಡಿಸ್ಚಾರ್ಜ್ ಮಾಡಿದರು ಎಂದರೆ ಎಲ್ಲವೂ ಮುಗಿಯಿತೆಂದೇ ಭಾವನೆ. ಆದರೆ ಸೊಂಟದ ಮೂಳೆ ಮುರಿದವರಿಗೆ, ಪಾರ್ಶ್ವವಾಯು ತಗುಲಿದವರಿಗೆ, ನಿಜವಾದ ಕೆಲಸ ಆರಂಭವಾಗುವುದೇ ಆಗ. ಆ ನಡುಗಾಲದ ಚರಿತ್ರೆಯನ್ನು ಕುರಿತು ನಾಲ್ಕು ಮಾತುಗಳನ್ನು ಓದುಗರ ಮುಂದಿಡುವುದು ಈ ಬರೆಹದ ಉದ್ದೇಶ.

ನಾನು ವಾಸಿಸುತ್ತಿರುವ ವಸಂತಪುರ ಒಂದು ಕಾಲಕ್ಕೆ ವಸಂತವಲ್ಲಭರಾಯನ ಗುಡಿಯಿಂದಲೇ ಗುರುತಾಗುತ್ತಿದ್ದ ಹಳ್ಳಿ. ಇಂದು ಸುತ್ತಲೂ ಬಹುಮಹಡಿ ಕಟ್ಟಡಗಳೆದ್ದಿವೆ. ಅವುಗಳಲ್ಲಿ ವೃದ್ಧ ದಂಪತಿಗಳಷ್ಟೇ ಇರುವ ಮನೆಗಳಿಗೆ ಕೊರತೆಯಿಲ್ಲ. ಮಕ್ಕಳು ಹೊರದೇಶದಲ್ಲೋ ಊರಿನ ಮತ್ತೊಂದು ಮೂಲೆಯಲ್ಲೋ ಇರುತ್ತಾರೆ. ಇಂಥ ಮನೆಯಲ್ಲಿ ಒಬ್ಬರು ಜಾರಿಬಿದ್ದರೆ ಮುಂದೇನು? ಈ ಪ್ರಶ್ನೆಗೆ ಉತ್ತರವಾಗಿ ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಕಡೆ ಕೆಲವು ವಾರಗಳ ಮಟ್ಟಿಗೆ ಇರಿಸಿಕೊಂಡು, ನಡೆಯಲು, ಸ್ನಾನ ಮಾಡಲು, ಬಟ್ಟೆ ಉಡಲು ಮರಳಿ ಕಲಿಸಿ ಕಳುಹಿಸುವ ಕೇಂದ್ರಗಳು ಕಾಣಿಸಿಕೊಂಡಿವೆ. ಇವುಗಳಿಗೆ ‘ಪುನರ್ವಸತಿ ಕೇಂದ್ರ’ ಎಂದು ಹೆಸರು. ಕರ್ನಾಟಕದವರ ಕಿವಿಗೆ ಈ ಪದ ಬಿದ್ದೊಡನೆ ನೆನಪಾಗುವುದು ಆಲಮಟ್ಟಿಯ ಹಿನ್ನೀರು. ಮುಳುಗಿದ ಊರಿನವರು ಹೊಸ ಊರು ಕಟ್ಟಿಕೊಂಡ ಕಥೆ. ಯೋಚಿಸಿ ನೋಡಿದರೆ ಪದ ಇಲ್ಲಿಗೂ ಹೊಂದುತ್ತದೆ. ಪಾರ್ಶ್ವವಾಯುವಿನಿಂದ ಬಲಗೈ ಸೋತವನು ತನ್ನ ದೇಹದಲ್ಲಿಯೇ ಹೊಸದಾಗಿ ಒಕ್ಕಲು ಹೂಡಬೇಕಾಗುತ್ತದೆ.

ಈ ಕಲ್ಪನೆ ಪೂರ್ತಿಯಾಗಿ ಹೊರಗಿನಿಂದ ಬಂದದ್ದೆಂದು ಭಾವಿಸಬೇಕಾಗಿಲ್ಲ. ನಮ್ಮ ಬಾಣಂತನವನ್ನೇ ನೋಡಿರಿ. ಹೆರಿಗೆಯಿಂದ ಬಳಲಿದ ಮಗಳು ತವರಿನಲ್ಲಿರುತ್ತಾಳೆ. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯಲು, ಪಥ್ಯದ ಅಡುಗೆ ಬೇಯಿಸಲು, ಕೂಸನ್ನು ಎತ್ತಿಕೊಳ್ಳುವ ರೀತಿ ತೋರಿಸಲು ತಿಳಿದವರಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೊಂದು ಅವಧಿಯಿದೆ. ಮೂರನೆಯ ತಿಂಗಳೋ ಐದನೆಯ ತಿಂಗಳೋ ಮಡಿಲು ತುಂಬಿ ಅವಳನ್ನು ಅವಳ ಮನೆಗೆ ಕಳುಹಿಸುತ್ತಾರೆ. ಹೋಗುವ ದಿನ ಮೊದಲೇ ಎಲ್ಲರ ಮನಸ್ಸಿನಲ್ಲಿರುತ್ತದೆ. ಆರೈಕೆಯೆಲ್ಲ ಆ ದಿನಕ್ಕಾಗಿಯೇ ನಡೆಯುತ್ತದೆ. ಆದರೆ ಈ ಭಾಗ್ಯ ಬಾಣಂತಿಗೆ ಮಾತ್ರವಿತ್ತು. ಕಾಲು ಮುರಿದ ಅಜ್ಜನಿಗೆ ಹಿಂತಿರುಗುವ ದಿನವನ್ನು ಯಾರೂ ಗೊತ್ತುಮಾಡಲಿಲ್ಲ. ಆತನಿಗೆ ನಡುಮನೆಯ ಮೂಲೆಯಲ್ಲಿ ಹಾಸಿಗೆ ಹಾಸಲಾಯಿತು. ಅಲ್ಲಿಗೇ ಊಟ, ಅಲ್ಲಿಗೇ ನೀರು. ಪ್ರೀತಿಗೆ ಕೊರತೆಯಿರಲಿಲ್ಲ, ಆದರೆ ಆತ ಮತ್ತೆ ಎದ್ದಾನೆಂಬ ನಿರೀಕ್ಷೆ ಇರಲಿಲ್ಲ.

ಉಳ್ಳವರ ಪಾಲಿಗೆ ಚೇತರಿಕೆಯ ತಾಣಗಳು ಹಿಂದೆಯೇ ಇದ್ದವು. ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಬೇಸಗೆಯಲ್ಲಿ ನಂದಿಬೆಟ್ಟ ಸೇರುತ್ತಿದ್ದರು. ನೀಲಗಿರಿಯ ಜಕ್ಕತಲ, ಅಂದರೆ ಇಂದಿನ ವೆಲ್ಲಿಂಗ್‌ಟನ್, 19ನೆಯ ಶತಮಾನದ ಮಧ್ಯಭಾಗದಲ್ಲಿ ಬೆಳೆದದ್ದು ಮದರಾಸು ಸೈನ್ಯದ ಬಿಳಿಯ ಸಿಪಾಯಿಗಳು ಕಾಯಿಲೆಯಿಂದ ಸುಧಾರಿಸಿಕೊಳ್ಳುವ ಠಾಣ್ಯವಾಗಿ. ಆದರೆ ಅಲ್ಲಿದ್ದದ್ದು ತಂಪು ಗಾಳಿ ಮತ್ತು ವಿಶ್ರಾಂತಿ. ಕಳೆದುಕೊಂಡ ಶಕ್ತಿಯನ್ನು ಅಭ್ಯಾಸದಿಂದ ಮರಳಿ ಪಡೆಯುವ ಶಿಕ್ಷಣವಲ್ಲ.

ಆ ಶಿಕ್ಷಣಕ್ಕೆ ಶಾಸ್ತ್ರದ ರೂಪ ಬಂದದ್ದು ಎರಡು ಮಹಾಯುದ್ಧಗಳ ಒತ್ತಡದಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಬೆನ್ನುಹುರಿ ತುಂಡಾದ ಸೈನಿಕರ ವಿಭಾಗವನ್ನು ತೆರೆದರು. ಅಲ್ಲಿಯತನಕ ಇಂಥವರು ಹಾಸಿಗೆಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಸಾಯುವುದೇ ಸಾಮಾನ್ಯವಾಗಿತ್ತು. ಗುಟ್‌ಮನ್ನರು ಅವರನ್ನು ಹೊತ್ತುಹೊತ್ತಿಗೆ ಹೊರಳಿಸಿದರು, ಕೂರಿಸಿದರು, ಕೆಲಸ ಕಲಿಸಿದರು, ಆಟವಾಡಿಸಿದರು. 1948ರಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಆ ಅಂಗಳದಲ್ಲಿ.

ದಕ್ಷಿಣ ಭಾರತಕ್ಕೆ ಈ ವಿದ್ಯೆಯನ್ನು ತಂದವರು ಸ್ವತಃ ಬಿದ್ದು ಎದ್ದವರೆಂಬುದು ನನಗೆ ಈ ಚರಿತ್ರೆಯ ಅತ್ಯಂತ ಹೃದ್ಯವಾದ ಭಾಗ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ತರುಣ ವೈದ್ಯೆ ಮೇರಿ ವರ್ಗೀಸ್ 1954ರಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಬಳಿಕ ನ್ಯೂಯಾರ್ಕಿನಲ್ಲಿ ಹೋವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿ ಮರಳಿದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಸಂಸ್ಥೆ ಆರಂಭವಾಯಿತು. ನಮ್ಮ ರಾಜ್ಯದಿಂದಲೂ ರೋಗಿಗಳು ಚಿಕಿತ್ಸೆಗಾಗಿ ವೆಲ್ಲೂರಿಗೆ ಹೋಗುವುದು ಹಳೆಯ ರೂಢಿಯಾದುದರಿಂದ ಆ ವಿದ್ಯೆಯ ಫಲ ನಮಗೂ ದೊರೆಯಿತು.

ಬೆಂಗಳೂರಿನಲ್ಲಿಯೂ ಇಂಥದೇ ಕಥೆಯೊಂದಿದೆ. ತಾವೇ ಅಂಗವೈಕಲ್ಯವನ್ನು ಅನುಭವಿಸಿದ ಎನ್.ಎಸ್. ಹೇಮಾ ಅವರು 1959ರಲ್ಲಿ ಅಂಗವಿಕಲರ ಸಂಸ್ಥೆಯನ್ನು ಸ್ಥಾಪಿಸಿದರು. ಎಪಿಡಿ ಎಂದೇ ಹೆಸರಾದ ಆ ಸಂಸ್ಥೆ ಲಿಂಗರಾಜಪುರದಲ್ಲಿ ಬೆಳೆದು, ಬೆನ್ನುಹುರಿಗೆ ಪೆಟ್ಟಾದವರಿಗೆ ವಸತಿಸಹಿತ ತರಬೇತಿ ಕೊಡುವ ಕೇಂದ್ರಗಳಲ್ಲೊಂದಾಯಿತು. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗೆ ಮಾತು ಮರಳಿ ಕಲಿಸುವ ತಜ್ಞರನ್ನು ತರಬೇತುಗೊಳಿಸುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾಯಿತು. ಕೃತಕ ಕಾಲು, ಗಾಲಿಕುರ್ಚಿ ಮೊದಲಾದವುಗಳಲ್ಲಿ ಪರಿಣತಿ ಪಡೆದ ಮೊಬಿಲಿಟಿ ಇಂಡಿಯಾ 1994ರಲ್ಲಿ ಹುಟ್ಟಿತು. ಅದು ನಮ್ಮ ನೆರೆಯ ಜೆ.ಪಿ. ನಗರದಲ್ಲಿದೆ.

ಮನಸ್ಸಿನ ಕಾಯಿಲೆಯನ್ನು ಇಲ್ಲಿ ಮರೆಯಬಾರದು. ಹುಚ್ಚಾಸ್ಪತ್ರೆ ಎಂದು ಜನ ಕರೆಯುತ್ತಿದ್ದ ಸರ್ಕಾರಿ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ಮನೆಯವರೊಬ್ಬರು ರೋಗಿಯ ಜೊತೆಗೇ ಉಳಿಯುವ ಕುಟುಂಬ ವಾರ್ಡು ಅಲ್ಲಿಯ ವೈಶಿಷ್ಟ್ಯ. ಹೊಲಿಗೆ, ಬಡಗಿ ಕೆಲಸ, ಬೇಕರಿಗಳಂಥ ವಿಭಾಗಗಳಲ್ಲಿ ರೋಗಿಗಳು ದುಡಿಮೆಯ ಲಯವನ್ನು ಮರಳಿ ಹಿಡಿಯುತ್ತಾರೆ. ಆಸ್ಪತ್ರೆಗೂ ಮನೆಗೂ ನಡುವೆ ಕೆಲಕಾಲ ತಂಗುವ ‘ಹಾಫ್‌ವೇ ಹೋಂ’ ಎಂಬ ವ್ಯವಸ್ಥೆಯನ್ನು ರಿಚ್ಮಂಡ್ ಫೆಲೋಶಿಪ್ ಸಂಸ್ಥೆ ಜಯನಗರದಲ್ಲಿ ‘ಆಶಾ’ ಎಂಬ ಹೆಸರಿನಿಂದ ನಡೆಸಿಕೊಂಡು ಬಂದಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇಂಥ ತಂಗುದಾಣಗಳನ್ನು ಸರ್ಕಾರ ಒದಗಿಸಬೇಕೆಂದು ಹೇಳುತ್ತದೆ.

ಇಷ್ಟು ಚರಿತ್ರೆಯಾಯಿತು. ಇದರ ಫಲವೇನೆಂಬುದಕ್ಕೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ನನ್ನ ಸಹೋದ್ಯೋಗಿಗಳಾಗಿದ್ದ ಚಿತ್ರಕಲಾ ಶಿಕ್ಷಕರೊಬ್ಬರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮನೆಗೆ ಬಂದ ಮೇಲೆ ‘ಅಲುಗಾಡಬೇಡಿ’ ಎಂದವರೇ ಎಲ್ಲರೂ. ಎಂಟು ತಿಂಗಳ ಬಳಿಕ ಅವರಿಗೆ ಅಲುಗಾಡಲು ಬೇಕಾದ ಶಕ್ತಿಯೇ ಉಳಿದಿರಲಿಲ್ಲ. ನಮ್ಮ ಬೀದಿಯ ಹಿರಿಯ ಮಹಿಳೆಯೊಬ್ಬರಿಗೂ ಅದೇ ಪೆಟ್ಟು. ಅವರು ಮೂರು ವಾರ ಒಂದು ಕೇಂದ್ರದಲ್ಲಿದ್ದರು. ಮೊದಲ ದಿನವೇ ಅಲ್ಲಿಯ ತರುಣಿ ಕೇಳಿದಳಂತೆ: ‘ಅಜ್ಜಿ, ಮನೆಗೆ ಹೋದಮೇಲೆ ನೀವೇ ಏನು ಮಾಡ್ಕೋಬೇಕು ಅನ್ಸುತ್ತೆ?’ ‘ಬೆಳಗಿನ ಕಾಫಿ ನಾನೇ ಮಾಡ್ಕೋಬೇಕಮ್ಮ’ ಎಂದರಂತೆ ಇವರು. ಅಲ್ಲಿಂದ ಮುಂದೆ ವಾಕರ್ ಹಿಡಿದು ಒಲೆಯ ಮುಂದೆ ನಿಲ್ಲುವುದು, ಒಂದು ಕೈಯಲ್ಲಿ ಪಾತ್ರೆ ಎತ್ತುವುದು, ಇವೇ ನಿತ್ಯದ ಪಾಠಗಳಾದವು. ಮಗನಿಗೂ ಅವರನ್ನು ಎಬ್ಬಿಸುವ ರೀತಿ ಕಲಿಸಿ, ಬಚ್ಚಲಿಗೆ ಹಿಡಿಕೆ ಹಾಕಿಸಿ ಎಂದು ಹೇಳಿ ಕಳುಹಿಸಿದರು. ಈಗ ಅವರ ಮನೆಗೆ ಹೋದರೆ ಕಾಫಿ ಅವರ ಕೈಯದೇ.

ಆದರೆ ಈ ಸೌಲಭ್ಯ ಎಷ್ಟು ಜನರ ಕೈಗೆ ಎಟುಕುತ್ತದೆ? 2019ರಲ್ಲಿ ಪ್ರಪಂಚದಲ್ಲಿ ಸುಮಾರು 241 ಕೋಟಿ ಜನರ ಆರೋಗ್ಯಸ್ಥಿತಿಗೆ ಪುನರ್ವಸತಿಯಿಂದ ಪ್ರಯೋಜನವಿತ್ತೆಂದು ಅಂದಾಜು. ನಮ್ಮಲ್ಲಿ ವಿಮೆ ಶಸ್ತ್ರಚಿಕಿತ್ಸೆಗೆ ಹಣ ಕೊಡುತ್ತದೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವ ಬಾಬುಗಳ ಪಟ್ಟಿಯಲ್ಲಿ ವಿಶ್ರಾಂತಿ ಚಿಕಿತ್ಸೆ, ಪುನರ್ವಸತಿ ಎಂಬ ಬಾಬೂ ಇದೆ. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಓಡಾಡಿಸುವುದು ಇಂಥ ನೆರವಿನ ಖರ್ಚು ಅದರಡಿ ಬರುತ್ತದೆ. ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿರಿ. ಮೂಳೆ ಜೋಡಿಸಲು ಹಣವಿದೆ, ಜೋಡಿಸಿದ ಕಾಲಿನಿಂದ ನಡೆಯಲು ಕಲಿಸುವುದಕ್ಕೆ ಇಲ್ಲ. ಹೀಗಾಗಿ ನಂದಿಬೆಟ್ಟದ ಕಾಲದಂತೆ ಇಂದಿಗೂ ಚೇತರಿಕೆ ಉಳ್ಳವರ ಸೊತ್ತಾಗುವ ಅಪಾಯವಿದೆ. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಹತ್ತು ಹಾಸಿಗೆಗಳನ್ನಾದರೂ ಇದಕ್ಕೆಂದು ಮೀಸಲಿಡುವುದು ಅಸಾಧ್ಯವೇನಲ್ಲ.

ಇಂಥ ಕೇಂದ್ರವನ್ನು ಹುಡುಕುವ ಓದುಗರಿಗೆ ನನ್ನ ಸಲಹೆ ಇಷ್ಟೆ. ಕೊಠಡಿಯ ಅಂದಚೆಂದ ನೋಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ. ನಮ್ಮವರು ಏನೇನನ್ನು ತಾವೇ ಮಾಡಿಕೊಳ್ಳುವಂತಾಗಬೇಕೆಂದು ನೀವು ಗುರಿಯಿಟ್ಟಿದ್ದೀರಿ? ಮನೆಯವರಾದ ನಮಗೆ ಏನನ್ನು ಕಲಿಸುತ್ತೀರಿ? ಅವರನ್ನು ಮನೆಗೆ ಕಳುಹಿಸುವ ದಿನ ಯಾವುದು? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಮೊದಲೆರಡರ ಉತ್ತರವನ್ನು ನಂಬಬೇಡಿರಿ. ಮಗಳ ಬಾಣಂತನ ಮಾಡಿದ ನಮ್ಮ ಅಜ್ಜಿಯರು ಮಡಿಲು ತುಂಬುವ ದಿನವನ್ನು ಎಂದೂ ಮರೆತವರಲ್ಲ.