ವೆಬ್ ಅಪ್ಲಿಕೇಶನ್‌ಗಳಲ್ಲಿ ಗೈಡೆಡ್ ಟೂರ್: ಇತಿಹಾಸ

ವೆಬ್ ಅಪ್ಲಿಕೇಶನ್ ಒಂದನ್ನು ಹೊಸದಾಗಿ ತೆರೆದವರಿಗೆ ಅದರ ಬಟನ್, ಮೆನು, ಅರ್ಜಿಯ ಅಂಕಣಗಳನ್ನು ಪರದೆಯ ಮೇಲೆಯೇ ಒಂದೊಂದಾಗಿ ತೋರಿಸಿ ಕೆಲಸ ಕಲಿಸುವ ವ್ಯವಸ್ಥೆಯನ್ನು ಗೈಡೆಡ್ ಟೂರ್ ಎನ್ನುತ್ತಾರೆ. ಇದರ ಕಲ್ಪನೆ ವೆಬ್‌ಗಿಂತ ಹಳೆಯದು. 1984ರಲ್ಲಿ ಆಪಲ್ ಸಂಸ್ಥೆಯು ಮೆಕಿಂಟಾಷ್ ಕಂಪ್ಯೂಟರಿನೊಡನೆ ಪರಿಚಯದ ಡಿಸ್ಕನ್ನೂ ಧ್ವನಿ ಕ್ಯಾಸೆಟ್ಟನ್ನೂ ಕೊಟ್ಟಿತ್ತು; 1994ರ ಸಿಸ್ಟಮ್ 7.5ರೊಂದಿಗೆ ಬಂದ ಆಪಲ್ ಗೈಡ್, ಒತ್ತಬೇಕಾದ ಜಾಗದ ಸುತ್ತ ಕೆಂಪು ಗುರುತು ಎಳೆದು ತೋರಿಸುತ್ತಿತ್ತು. ಹೊಸಬರು ಕೈಪಿಡಿ ಓದಿ ಮುಗಿಸುವ ತಾಳ್ಮೆ ತೋರದೆ ನೇರವಾಗಿ ಕೆಲಸಕ್ಕೆ ಕೈಹಾಕುತ್ತಾರೆಂದೂ, ಕಲಿಸುವ ಕ್ರಮ ಈ ಸ್ವಭಾವಕ್ಕೆ ಹೊಂದಬೇಕೆಂದೂ ಐಬಿಎಂನ ಸಂಶೋಧಕ ಜಾನ್ ಕ್ಯಾರಲ್ 1980ರ ದಶಕದಲ್ಲಿ ಪ್ರತಿಪಾದಿಸಿದ್ದು ಈ ಕ್ಷೇತ್ರದ ಅತಿಮುಖ್ಯ ತಿಳಿವಳಿಕೆಯಾಗಿದೆ.

ವೆಬ್ ಅಪ್ಲಿಕೇಶನ್‌ಗಳಿಗೆ ಇಂಥ ಟೂರ್ ಒದಗಿಸುವ ವಾಕ್‌ಮೀ ಸಂಸ್ಥೆ 2011ರಲ್ಲಿ ಇಸ್ರೇಲಿನಲ್ಲಿ ಸ್ಥಾಪನೆಯಾಯಿತು. 2013ರಲ್ಲಿ ಬಂದ ಇಂಟ್ರೋ.ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ, ಅಂದರೆ ಸಿದ್ಧ ಕೋಡ್‌ಗಳ ಸಂಗ್ರಹ, ಸಣ್ಣ ತಂಡಗಳಿಗೂ ಟೂರ್ ಜೋಡಿಸುವುದನ್ನು ಸುಲಭ ಮಾಡಿತು. ಪುಟದ ಉಳಿದ ಭಾಗವನ್ನು ಮಬ್ಬಾಗಿಸಿ, ವಿವರಿಸಬೇಕಾದ ಭಾಗವನ್ನಷ್ಟೇ ಬೆಳಗಿಸಿ, ಪಕ್ಕದಲ್ಲಿ ಚಿಕ್ಕ ವಿವರಣೆಯನ್ನೂ ‘ಮುಂದೆ’ ಎಂಬ ಬಟನ್ನನ್ನೂ ಇಡುವುದು ಇಂಥ ಟೂರ್‌ಗಳ ಸಾಮಾನ್ಯ ವಿಧಾನ. ಆ ಭಾಗವನ್ನು ಗುರುತಿಸಲು ಕೋಡ್‌ನಲ್ಲಿರುವ ಅದರ ಹೆಸರು ಅಥವಾ ಸ್ಥಾನವನ್ನು ಅವಲಂಬಿಸುವುದರಿಂದ, ಪುಟದ ವಿನ್ಯಾಸ ಬದಲಾದಾಗ ಟೂರ್ ದಾರಿ ತಪ್ಪುತ್ತದೆ. ಆದ್ದರಿಂದ ಟೂರ್ ರಚಿಸುವುದಕ್ಕಿಂತ ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದೇ ಹೆಚ್ಚಿನ ಶ್ರಮದ ಕೆಲಸ.

ಕರ್ನಾಟಕದಲ್ಲಿ ಈ ಇತಿಹಾಸದ ಪ್ರಮುಖ ಅಧ್ಯಾಯ ಬೆಂಗಳೂರಿನ ವಾಟ್‌ಫಿಕ್ಸ್ ಸಂಸ್ಥೆ. ಅದರ ಸ್ಥಾಪಕರಾದ ಖಾದಿಮ್ ಬತ್ತಿ ಮತ್ತು ವರ ಕುಮಾರ್ ಮೊದಲು ಸಣ್ಣ ಉದ್ಯಮಗಳಿಗಾಗಿ, ಅವುಗಳ ಜಾಲತಾಣ ಹುಡುಕಾಟದಲ್ಲಿ ಸುಲಭವಾಗಿ ಸಿಗುವಂತೆ ಸಲಹೆ ನೀಡುವ ಸರ್ಚ್‌ಎನೇಬ್ಲರ್ ಎಂಬ ತಂತ್ರಾಂಶ ರೂಪಿಸಿದ್ದರು. ಅದು ಕೊಡುವ ಸಲಹೆಗಳನ್ನು ಜಾರಿಗೆ ತರಲು ಗ್ರಾಹಕರು ತಿಣುಕುವುದನ್ನು ಕಂಡು, ಬಳಕೆಯ ದಾರಿ ತೋರಿಸುವುದನ್ನೇ 2014ರಲ್ಲಿ ಪ್ರತ್ಯೇಕ ಉದ್ಯಮವಾಗಿಸಿದರು. ಬೇರೆಯವರ ತಂತ್ರಾಂಶದ ಮೂಲ ಕೋಡ್ ತಿದ್ದದೆ ಅದರ ಮೇಲೆ ಮಾರ್ಗದರ್ಶನದ ಪದರ ಹೊದಿಸುವ ಈ ಉದ್ಯಮಕ್ಕೆ ಡಿಜಿಟಲ್ ಅಡಾಪ್ಷನ್ ಎಂಬ ಹೆಸರಿದೆ. 2024ರಲ್ಲಿ ಜರ್ಮನಿಯ ಎಸ್‌ಎಪಿ ಸಂಸ್ಥೆ ವಾಕ್‌ಮೀಯನ್ನು ಸುಮಾರು 150 ಕೋಟಿ ಡಾಲರಿಗೆ ಕೊಂಡದ್ದು ಈ ಕ್ಷೇತ್ರ ಗಳಿಸಿದ ಮಹತ್ವಕ್ಕೆ ಸಾಕ್ಷಿ.

ಕಂಪನಿಗಳ ಸಿಬ್ಬಂದಿಗೆ ದೊರೆತ ಈ ಸೌಕರ್ಯ ಸಾಮಾನ್ಯ ನಾಗರಿಕರಿಗೂ ಅಷ್ಟೇ ಅಗತ್ಯ. ಅಂಕೋಲಾ ತಾಲ್ಲೂಕಿನ ಹಟ್ಟಿಕೇರಿಯಂಥ ಊರಿನವರು ರಾಜ್ಯ ಸರ್ಕಾರದ ಆನ್‌ಲೈನ್ ಸೇವಾ ತಾಣವಾದ ಸೇವಾ ಸಿಂಧುವಿನಲ್ಲಿ ತಾವಾಗಿಯೇ ಅರ್ಜಿ ತುಂಬಬೇಕಾದರೆ, ಆಧಾರ್ ಸಂಖ್ಯೆ, ಆದಾಯ ಪ್ರಮಾಣಪತ್ರ, ದಾಖಲೆಗಳ ಅಪ್‌ಲೋಡ್ ಇವುಗಳಲ್ಲಿ ಎಲ್ಲಿ ತೊಡಕಾಗುತ್ತದೋ ಅಲ್ಲಿಯೇ, ಸರಳ ಕನ್ನಡದಲ್ಲಿ, ಕೇಳಿದಾಗ ತೆರೆದುಕೊಳ್ಳುವ ಟೂರ್ ಬೇಕಾಗುತ್ತದೆ; ಪುಟ ತೆರೆದೊಡನೆ ಹತ್ತಾರು ಹಂತಗಳಲ್ಲಿ ಎಲ್ಲವನ್ನೂ ವಿವರಿಸುವ ಟೂರನ್ನು ಬಹುತೇಕ ಬಳಕೆದಾರರು ಮುಚ್ಚಿ ಮುಂದೆ ಹೋಗುತ್ತಾರೆ.